ಸಂಘಮಿತ್ರಾಳ ಹಳೇ ತೆರಿಗೆ ಪುಸ್ತಕ

ನನ್ನ ಸಿಟ್ಟು ಅರ್ಧ ಕಲಬುರಗಿಗೆ ಗೊತ್ತು. ಸೂಪರ್ ಮಾರ್ಕೆಟ್‌ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಸಿ.ಎ. ಓದುವ ಮಕ್ಕಳಿಗೆ ತೆರಿಗೆ ಕಲಿಸುತ್ತಿದ್ದೇನೆ. ತೆರಿಗೆ ಕಾನೂನು ವರ್ಷ ವರ್ಷ ಬದಲಾಗುತ್ತದೆ. ಹೋದ ವರ್ಷದ ಸರಿ ಉತ್ತರ ಈ ವರ್ಷ ತಪ್ಪು. ಎಷ್ಟು ಬಡಿದುಕೊಂಡರೂ ಮಕ್ಕಳು ಹಳೇ ಪುಸ್ತಕ ಹಿಡಿದುಕೊಂಡೇ ಬರುತ್ತಾರೆ. ಅದಕ್ಕೇ ನಾನೊಂದು ಪದ್ಧತಿ ಇಟ್ಟಿದ್ದೆ. ಮೊದಲ ದಿನವೇ ಹಳೇ ಪುಸ್ತಕಗಳನ್ನೆಲ್ಲ ಬಾಗಿಲ ಬಳಿ ರಾಶಿ ಹಾಕಿಸಿ ರದ್ದಿಯವನಿಗೆ ಕೊಟ್ಟುಬಿಡುತ್ತಿದ್ದೆ. ಹುಡುಗರು ನಗುತ್ತ ಹಾಕುತ್ತಿದ್ದರು. ನನಗೂ ಅದರಲ್ಲೊಂದು ಹಮ್ಮಿತ್ತು.

ಸಂಘಮಿತ್ರಾ ಬಂದದ್ದು ಕಮಲಾಪುರದಿಂದ. ತಂದೆ ಪೀರಪ್ಪ ಮನೆ ಕಟ್ಟುವ ಗೌಂಡಿ ಕೆಲಸದವರು. ಇದೇ ಪರೀಕ್ಷೆಗೆ ಓದುತ್ತಿದ್ದ ಅಣ್ಣ ಸುಧಾಕರ ಎರಡು ವರ್ಷದ ಹಿಂದೆ ಡೆಂಗಿಯಲ್ಲಿ ತೀರಿಕೊಂಡಿದ್ದ. ಬಿ.ಕಾಂ. ಮುಗಿಸಿದ ಹುಡುಗಿ ಅವನು ಬಿಟ್ಟಲ್ಲಿಂದ ಓದು ಶುರುಮಾಡಿದ್ದಳು, ಅವನದೇ ಪುಸ್ತಕ ಹಿಡಿದು. ಅದರ ಅಂಚಿನಲ್ಲೆಲ್ಲ ಅವನ ಪೆನ್ಸಿಲ್ ಬರಹ. ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

"ಸರ್, ಇದೊಂದು ಇರಲಿ ಬಿಡ್ರಿ," ಎಂದಳು ಮೆಲ್ಲಗೆ.

"ಇದನ್ನ ಓದಿದ್ರ ಫೇಲಾಗ್ತಿ. ಹಾಕು."

ಅವಳ ಹಿಡಿತ ಸಡಿಲಾಗಲಿಲ್ಲ. ಐವತ್ತು ಜನರೆದುರು ನಾನೇ ಕಿತ್ತುಕೊಂಡು ರಾಶಿಗೆ ಎಸೆದೆ. ಪಾಠ ನಡೆದಿರುವಾಗಲೇ ರದ್ದಿಯವನು ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದ. ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಳು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹದಿನೈದು ದಿನದ ಮೇಲೆ ಪೀರಪ್ಪ ಮೆಟ್ಟಿಲು ಹತ್ತಿ ಬಂದರು.

"ಅಮರನಾಥ ಸರ್ ಅಂದ್ರ ನೀವೇ ಏನ್ರೀ? ನಾ ಸಂಘಮಿತ್ರಾನ ಅಪ್ಪ. ನಮ್ಮ ಸುಧಾಕರನ ಪುಸ್ತಕ ನಿಮ್ಮ ಹತ್ರ ಅದ ಅಂತ ಹೇಳ್ಯಾಳ ರೀ. ಚಲೋ ಬರದಾನ, ಉಳದ ಹುಡುಗರಿಗೂ ತೋರಸ್ತೀನಿ ಅಂತ ಸರ್ ಇಟ್ಕೊಂಡಾರ ಅಂದ್ಲು. ಕೆಲಸ ಮುಗದಿದ್ರ ಕೊಡ್ತೀರೇನ್ರೀ? ನಮಗ ಅವನ ಕೈಬರಹ ಅಂತ ಉಳದದ್ದು ಅದೊಂದೇ ರೀ."

"ನಿಮಗ ಓದಾಕ ಬರ್ತದೇನ್ರೀ?" ಎಂದೆ, ಏನೋ ಒಂದು ಕೇಳಬೇಕಲ್ಲ ಎಂದು.

"ಇಲ್ರೀ. ಅಕಿ ಓದೋವಾಗ ಬಾಜೂಕ ಕೂಡ್ತಿದ್ದೆ. ಅವನ ಅಕ್ಷರ ಬಂದಲ್ಲಿ ಬೆರಳಿಡ್ತಿದ್ದೆ. ಅಷ್ಟು ಗುರ್ತು ಹತ್ತತದ ನನಗ."

ಇದ್ದದ್ದನ್ನು ಹೇಳಿಬಿಟ್ಟೆ. ಅವರನ್ನು ಕರೆದುಕೊಂಡು ರದ್ದಿ ಅಂಗಡಿಗೂ ಓಡಿದೆ. ಆ ಕಾಗದವೆಲ್ಲ ಲಾರಿ ಹತ್ತಿ ವಾರವಾಗಿತ್ತು. ಪೀರಪ್ಪ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಮಾತ್ರ, "ನಾ ಬಂದಿದ್ದೆ ಅಂತ ಅಕಿಗಿ ಹೇಳಬ್ಯಾಡ್ರಿ. ನನಗ ಗೊತ್ತಾಗ್ಯಾದ ಅಂದ್ರ ಅಕಿ ಓದೋದನ್ನೇ ಬಿಡ್ತಾಳ," ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಮರುದಿನ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಸಂಘಮಿತ್ರಾ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ್, ನಮ್ಮಪ್ಪ ಯಾವಾಗರೆ ಬಂದು ಅಣ್ಣನ ಪುಸ್ತಕ ಕೇಳಿದ್ರ, ನಿಮ್ಮ ಹತ್ರಾನೇ ಅದ ಅಂತ ಹೇಳ್ರಿ. ಹೋಗ್ಯಾದ ಅಂತ ಗೊತ್ತಾದ್ರ ಅವರು ತಡಕೊಳ್ಳಂಗಿಲ್ಲ."

"ಹೇಳ್ತೀನವಾ," ಎಂದೆ.