ನೂರಾ ಅರವತ್ನಾಲ್ಕನೇ ಲಾಟು

ಒಂದು ಯಂತ್ರದ ತಪ್ಪನ್ನು ಸರಿಪಡಿಸಲು ನಾನು ತೆತ್ತ ಬೆಲೆ ಒಂದು ಮೊಪೆಡ್. ಕಾರಣ ನನ್ನದೇ ಜಾಣತನ. ಹೈದರಾಬಾದಿನ ವ್ಯಾಪಾರಿ ಎಮ್ಯುಲೇಟರ್ ಮಾರುವಾಗ ಅದರ ಮೂಲ ಪ್ರೋಗ್ರಾಮಿನ ಮುದ್ರಿತ ಪ್ರತಿಯನ್ನೂ ಕೊಡುತ್ತೇನೆ ಎಂದಿದ್ದ. ಆ ಕಾಗದದ ಕಂತೆ ನೀನೇ ಇಟ್ಟುಕೋ, ದರ ಇಳಿಸು ಎಂದು ಚೌಕಾಸಿ ಮಾಡಿ ಗೆದ್ದು ಬಂದೆ. ಆರು ತಿಂಗಳಿಗೆ ಅದೇ ಕಂತೆಗಾಗಿ ಮೊಪೆಡ್ ಮಾರಿ ಅವನೆದುರು ನಿಂತೆ. ಅವನು ನಗಲಿಲ್ಲ. ನಕ್ಕರೆ ದರ ಇಳಿಸಬೇಕಾದೀತೆಂಬ ಎಚ್ಚರ ಅವನಿಗಿತ್ತು.

ಎಪ್ಪತ್ತರ ದಶಕದಲ್ಲಿ ಮಾನ್ವಿಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ನಾನು ಎಂಬತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ಕಂಪ್ಯೂಟರ್ ಮಾರುತ್ತಿದ್ದೆ. ಒಂದು ಹತ್ತಿ ಮಿಲ್ಲಿನ ಹಳೆಯ ಯಂತ್ರ ಕೆಟ್ಟಿತು. ಅದರ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಓಡಬೇಕಾದರೆ ಹೊಸದು ಹಳೆಯದರ ವೇಷ ಹಾಕಬೇಕು. ಆ ವೇಷ ಹಾಕಿಸುವುದೇ ಎಮ್ಯುಲೇಟರ್. ಮಿಲ್ಲಿನಲ್ಲಿ ದೇವದುರ್ಗದ ಹತ್ತಿಗೊಂದು ಪಟ್ಟಿ, ಮಾನ್ವಿಯದಕ್ಕೊಂದು ಪಟ್ಟಿ. ಒಬ್ಬ ರೈತನ ಮಾಲು ಒಂದು ಲಾಟು. ಎರಡೂ ಪಟ್ಟಿಗಳ ನಂಬರು ಒಂದರಿಂದಲೇ ಶುರು.

ಸುಗ್ಗಿಯಲ್ಲಿ ಮಾನ್ವಿ ಕಡೆಯ ಕಲ್ಲೂರಿನ ರೈತನೊಬ್ಬ ಮುದ್ರಿತ ಪಟ್ಟಿ ಹಿಡಿದು ಮಿಲ್ಲಿನ ಕಚೇರಿಯೊಳಗೆ ನುಗ್ಗಿದ. "ನನ್ನ ಹತ್ತಿ ಹಾಲಿನಂಗ ಅದ. ಮೂರನೇ ದರ್ಜೆ ಅಂತ ಯಾವಾಂವ ಬರದಾನ?"

ಅದು ಮಾನ್ವಿಯ ನೂರಾ ಅರವತ್ನಾಲ್ಕನೇ ಲಾಟು. ಅದರ ಒಂದನೇ ದರ್ಜೆ ದೇವದುರ್ಗದ ನೂರಾ ಅರವತ್ನಾಲ್ಕಕ್ಕೆ ಹೋಗಿತ್ತು, ಅಲ್ಲಿಯ ಮೂರನೆಯದು ಇಲ್ಲಿಗೆ ಬಂದಿತ್ತು. ಪಟ್ಟಿ ಟೈಪು ಮಾಡುತ್ತಿದ್ದ ಹಿರಿಯ ಗುಮಾಸ್ತರು ದೇವದುರ್ಗದವರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ತಮ್ಮೂರಿನವನಿಗೆ ದರ್ಜೆ ಏರಿಸಿದರೆನ್ನಲು ಮಿಲ್ಲಿನ ಸಾಹುಕಾರನಿಗೆ ಇನ್ನೇನು ಬೇಕು? ಹಮಾಲರ ಮುಂದೆಯೇ ಅವರನ್ನು ಕಳ್ಳ ಎಂದ. ಶನಿವಾರದೊಳಗೆ ಕೆಲಸ ಬಿಡಬೇಕೆಂದ.

"ಮಷಿನ್ ತಪ್ಪಿರಬಹುದು, ಸಾವ್ಕಾರ್ರ," ಎಂದರು ಚಾಚಾ.

"ಮಷಿನ್ನಿಗೇನು ದೇವದುರ್ಗದಾಗ ಬೀಗರು ಅದಾರೇನು?"

ಸಾಹುಕಾರ ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದ. ಮಾರಿದವನು ನಾನು. ಯಂತ್ರ ತಪ್ಪುವುದಿಲ್ಲ ಎಂದುಬಿಟ್ಟೆ. ಮಾಲು ಮಾರುವವನ ಬಾಯಿಗೆ ಎಂಥ ಸುಳ್ಳೂ ಸಲೀಸು.

ಹೊರಗೆ ಬಂದಾಗ ಚಾಚಾ ನನ್ನ ತೋಳು ಹಿಡಿದರು. "ತಮ್ಮಾ, ಮುನ್ನೂರ ಇಪ್ಪತ್ತೆಂಟರಾಗೂ ಹಿಂಗ ಅದಲುಬದಲು ಆಗ್ಯಾದ. ಕದಿಯಾಂವ ಲೆಕ್ಕಾ ಹಾಕಿ ಡಬಲ್ ನಂಬರ್ ನೋಡಿ ಕದೀತಾನೇನು?"

ಮರುದಿನ ಅವರನ್ನು ಬಾಗಿಲಲ್ಲಿ ನಿಲ್ಲಿಸಿ, ಇಲ್ಲದ ಊರು, ಇಲ್ಲದ ಹೆಸರು ಹಾಕಿ ಎರಡೂ ಪಟ್ಟಿಗಳನ್ನು ನಾನೇ ಟೈಪು ಹೊಡೆದೆ. ಮುದ್ರಿಸಿದರೆ ತಪ್ಪು ಅದೇ ನಂಬರಿನಲ್ಲಿ.

"ನಿಮಗೂ ಬೀಗರು ಅದಾರೇನು ಅಲ್ಲಿ?" ಎಂದ ಸಾಹುಕಾರ. ಇಬ್ಬರೂ ಕೂಡಿಕೊಂಡಿದ್ದೇವೆಂದು ಅವನ ತೀರ್ಮಾನ. ಯಂತ್ರವನ್ನು ಸರಿಪಡಿಸಿ ತೋರಿಸದೆ ಈ ತಲೆಯೊಳಗೆ ಏನೂ ಇಳಿಯುವುದಿಲ್ಲವೆಂದು ಹೈದರಾಬಾದಿನ ಬಸ್ಸು ಹತ್ತಿದೆ.

ಕಂತೆಯಲ್ಲಿ ತಪ್ಪು ಸಿಕ್ಕಿತು. ಹಳೆಯ ಯಂತ್ರದ ನೆನಪನ್ನು, ಅಂದರೆ ಮೆಮೊರಿಯನ್ನು, ಎಮ್ಯುಲೇಟರ್ ತುಂಡು ಮಾಡಿ, ಹೊಸದರಲ್ಲಿ ಖಾಲಿ ಕಂಡಲ್ಲೆಲ್ಲ ಇಟ್ಟಿತ್ತು. ಯಾವ ತುಂಡು ಎಲ್ಲಿದೆ ಎಂಬ ವಿಳಾಸದ ಪಟ್ಟಿಯೂ ಇತ್ತು. ಒಂದು ಲಾಟಿಗೆ ನೂರು ಅಕ್ಷರ, ದರ್ಜೆ ಕೊನೆಯಲ್ಲಿ. ನೂರಾ ಅರವತ್ಮೂರು ಲಾಟು ಮೊದಲ ತುಂಡಿನಲ್ಲಿ ಪೂರ್ತಿ ಹಿಡಿಸಿ, ಮುಂದಿನದರ ಬಾಲ ಎರಡನೇ ತುಂಡಿಗೆ ದಾಟುತ್ತಿತ್ತು. ಟೈಪು ಮಾಡುವಾಗ ಅಕ್ಷರಕ್ಕೊಮ್ಮೆ ವಿಳಾಸ ಕೇಳುತ್ತಿದ್ದ ಈ ಮಹಾಶಯ, ಮುದ್ರಿಸಲು ನೂರನ್ನೂ ಒಟ್ಟಿಗೆ ಎತ್ತುವಾಗ ಮೊದಲ ಅಕ್ಷರದ ವಿಳಾಸ ಮಾತ್ರ ಕೇಳಿ, ಉಳಿದದ್ದನ್ನು ಪಕ್ಕದ ಜಾಗದಿಂದ ಬಾಚುತ್ತಿದ್ದ. ಪಕ್ಕದಲ್ಲಿದ್ದದ್ದು ಇನ್ನೊಂದು ಪಟ್ಟಿಯ ತುಂಡು. ಮೊದಲ ಚೀಲ ಯಾವ ಗೋದಾಮಿನಲ್ಲಿದೆ ಎಂದು ಕೇಳಿ, ಮಿಕ್ಕ ಚೀಲಗಳನ್ನು ಮಗ್ಗುಲಿನವನ ರಾಶಿಯಿಂದ ಹೊತ್ತು ತರುವ ಹಮಾಲನನ್ನು ಮಿಲ್ಲಿನಲ್ಲಿ ಯಾರೂ ಒಂದು ದಿನ ಇಟ್ಟುಕೊಳ್ಳರು. ಯಂತ್ರಕ್ಕೆ ಮಾತ್ರ ಮರ್ಯಾದೆ.

ತುಂಡಿನ ಅಂಚು ದಾಟಿದರೆ ಮತ್ತೆ ವಿಳಾಸ ಕೇಳುವಂತೆ ನಾಲ್ಕು ಸಾಲು ಸೇರಿಸಿದೆ. ಶುಕ್ರವಾರ ಮಧ್ಯಾಹ್ನ, ಚಾಚಾ ಹೊಡೆದಿದ್ದ ಪಟ್ಟಿಯನ್ನು ಒಂದಕ್ಷರವೂ ಮುಟ್ಟದೆ ಮತ್ತೆ ಮುದ್ರಿಸಿದೆ. ಕಲ್ಲೂರಿಗೆ ಒಂದನೇ ದರ್ಜೆ ಬಂತು. ಅವರು ಹೊಡೆದದ್ದು ಮೊದಲಿನಿಂದಲೂ ಸರಿಯಾಗಿಯೇ ಒಳಗೆ ಕೂತಿತ್ತು.

"ಆತು ಬಿಡ್ರಿ, ಸರಿ ಆತಲ್ಲ," ಎಂದ ಸಾಹುಕಾರ.

"ಕಳ್ಳ ಅಂದದ್ದು ಹಮಾಲರ ಮುಂದ," ಎಂದರು ಚಾಚಾ. "ಅಲ್ಲ ಅನ್ನೋದು ಕೋಣ್ಯಾಗ ಯಾಕ್ರೀ?"

ಸಾಹುಕಾರ ಅಂಗಳಕ್ಕೆ ಹೋಗಿ, ರಿಯಾಯಿತಿ ಕೊಡುವವನ ದನಿಯಲ್ಲಿ ಹೇಳಿದ. ಆಮೇಲೆ ಚಾಚಾ ನನ್ನ ಮುಖ ನೋಡಿದರು. ಯಂತ್ರ ತಪ್ಪುವುದಿಲ್ಲ ಎಂದದ್ದು ಸುಳ್ಳೆಂದು ನಾನೂ ಹೇಳಬೇಕಾಯಿತು.

ನೀವು ಯಂತ್ರ ಕೊಳ್ಳುವುದಿದ್ದರೆ, ಹತ್ತು ಹೆಸರು ಹೊಡೆದು ತೋರಿಸುವ ನನ್ನಂಥವನನ್ನು ನಂಬಬೇಡಿ. ನಿಮ್ಮಲ್ಲಿರುವ ಅತಿ ಉದ್ದದ ಪಟ್ಟಿಯನ್ನು ಅವನ ಅಂಗಡಿಗೆ ಒಯ್ದು ಪೂರ್ತಿ ಹೊಡೆಸಿ, ಮುದ್ರಿಸಿ ಓದಿ. ತಪ್ಪು ಕಂಡರೆ ಎಷ್ಟನೆಯದೆಂದು ಬರೆದಿಡಿ. ಹೊಡೆಯುವ ಕೈ ಬದಲಿಸಿ ನೋಡಿ. ತಪ್ಪು ಅಲ್ಲೇ ಬಂದರೆ ಮನುಷ್ಯನನ್ನು ಬಿಡಿ, ಮಾರಿದವನನ್ನು ಹಿಡಿಯಿರಿ.