ಎರಡನೇ ಸಲ ಹಳ್ಳಕ್ಕಿಳಿಸಿದವರು

ಖಾಸಬಾಗದ ಆ ಗಲ್ಲಿಯ ಬಾಯಿಗೆ ಯುವಕ ಮಂಡಳದವರು ಹಾಕಿದ ಕರಿ ಹಲಗೆಯೊಂದಿತ್ತು. ಮೊದಲೆಲ್ಲ ಅದರ ಮೇಲೆ ‘ತಾಳಿದವನು ಬಾಳಿಯಾನು’ ಎಂಬಂಥ ಸುವಿಚಾರಗಳು ತಿಂಗಳುಗಟ್ಟಲೆ ಮಾಸುತ್ತ ನಿಂತಿರುತ್ತಿದ್ದವು. ಸೀರೆಗೆ ಫಾಲ್ ಹಚ್ಚಿ, ಕುಪ್ಪಸ ಹೊಲಿದು ಸಂಸಾರ ತೂಗಿಸುತ್ತಿದ್ದ ಕಾಂತಾ ಒಂದು ದಿನ ಅದನ್ನು ಒರೆಸಿ, ಗಟಾರದ ನೀರು ವಾರವಿಡೀ ಗಲ್ಲಿಯಲ್ಲಿ ಹರಿದ ಸುದ್ದಿ ಬರೆದಳು. ಮಂದಿ ನಿಂತು ಓದಿದರು, ನಕ್ಕರು. ಅಂದಿನಿಂದ ಪ್ರತಿ ರವಿವಾರ ಆ ವಾರದ ಸುದ್ದಿಯ ಮೇಲೆ ಎರಡು ಸಾಲು ಬರೆಯುವ ಕೆಲಸ ಅವಳ ಪಾಲಿಗೆ ಬಂತು. ‘ಅಧಿವೇಶನ ಬಂತು; ಸಾಹೇಬರು ಬರುವ ದಾರಿಗಷ್ಟೇ ಡಾಂಬರು ಬಂತು’ ಎಂದು ಬರೆದಾಗ ಮಂಡಳದ ಅಧ್ಯಕ್ಷ ಗುರುಪಾದಪ್ಪನವರೇ, “ನಮ್ಮ ಕಾಂತಾನ ನಾಲಿಗಿ ಅಂದ್ರ ಕತ್ತರಿ ನೋಡ್ರಿ” ಎಂದು ಬಂದವರಿಗೆಲ್ಲ ತೋರಿಸಿದ್ದರು.

ಈ ಮಳೆಗಾಲದಲ್ಲಿ ಪೇಪರಿನ ಮೊದಲ ಪುಟಕ್ಕೇ ಒಂದು ಫೋಟೋ ಬಂತು. ಖಾನಾಪುರದ ಕಾಡಂಚಿನ ಹಳ್ಳಿಯೊಂದರಲ್ಲಿ ಕಾಲು ಮುರಿದ ಹೆಂಗಸನ್ನು ನಾಲ್ವರು ಹುಡುಗರು ಕಂಬಳಿ ಜೋಲಿಯಲ್ಲಿ ಹೊತ್ತು ಎದೆಮಟ್ಟದ ಹಳ್ಳ ದಾಟುತ್ತಿದ್ದರು. ‘ಮಾನವೀಯತೆ ಮೆರೆದ ಯುವಕರು.’ ಹುಡುಗರ ಹೆಸರಿತ್ತು. ಅವರಿಗೆ ಶಾಲು ಹೊದಿಸಲಿದ್ದ ಮುಖಂಡರ ಹೆಸರು ಇನ್ನೂ ದಪ್ಪಗಿತ್ತು.

“ಎಂಥಾ ಛಲೋ ಹುಡುಗೂರು ನೋಡ,” ಎಂದ ಗಂಡ ನಾಗಲಿಂಗ. ಅವನು ಫೌಂಡ್ರಿಗೆ ಹೊರಟು ನಿಂತಿದ್ದ.

“ಹುಡುಗೂರು ಛಲೋನ ಅದಾರ. ಜೋಲ್ಯಾಗ ಇದ್ದಾಕಿ ಹೆಸರೆಲ್ಲೈತಿ? ಆಕಿ ಏನ್ ಹತ್ತಿ ಮೂಟಿ?”

“ಹೆಸರ ತಗೊಂಡ ಏನ್ ಮಾಡ್ತಿ?”

“ಅಲ್ಲೊಂದ ಸೇತುವಿ ಯಾಕಿಲ್ಲ ಅಂತ ಒಂದ್ ಸಾಲ ಇಲ್ಲ ಇದರಾಗ! ಹೊರೂದ ಮಾನವೀಯತೆ ಅಂತ, ಹೊರೂ ಹಂಗ ಮಾಡಿದ್ದೇನು?” ಕಾಂತಾ ಪೇಪರನ್ನು ಮಡಚಿ ನೆಲಕ್ಕೆ ಬಡಿದಳು.

ಸಿಟ್ಟು ಇಳಿಯಲಿಲ್ಲ. ಮರುದಿನ ಹೊಲಿಗೆ ಬಿಟ್ಟು ಖಾನಾಪುರದ ಬಸ್ಸು ಹತ್ತಿದಳು. ಕೇಳುತ್ತ ಕೇಳುತ್ತ ಆಸ್ಪತ್ರೆಯ ಹೆಂಗಸರ ವಾರ್ಡು ಮುಟ್ಟಿದಳು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದವಳ ಹೆಸರು ಅನುಸಯಾ. ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದಿದ್ದಳು. ಅವಳ ಮರಾಠಿ ಕಾಂತಾಗೆ ಚೆನ್ನಾಗಿಯೇ ತಿಳಿಯುತ್ತಿತ್ತು.

“ಫೋಟೋ ನೋಡಿದೆಯಾ?” ಎಂದು ಅನುಸಯಾಳೇ ಕೇಳಿದಳು. “ಅದು ಎರಡನೇ ಸಲದ್ದು.”

ಕಾಂತಾಗೆ ಅರ್ಥವಾಗಲಿಲ್ಲ.

“ಹುಡುಗರು ನಮ್ಮೂರವರೇ. ಪಾಪ, ಒಮ್ಮೆ ದಾಟಿಸಿ ದಂಡೆಗೆ ತಂದಿದ್ದರು. ಅಲ್ಲಿ ಮುಖಂಡರ ಕಡೆಯವನೊಬ್ಬ ಜೀಪು ತಂದು ನಿಂತಿದ್ದ. ಫೋಟೋ ಸರಿ ಬಂದಿಲ್ಲ, ಮತ್ತೊಮ್ಮೆ ನೀರಿಗಿಳೀರಿ ಅಂದ. ಹುಡುಗರು ಒಲ್ಲೆ ಅಂದರು. ಹಾಗಾದರೆ ಜೀಪು ಇಲ್ಲ ಅಂದ. ಇಳಿದರು. ನಾನು ಚೀರುತ್ತಿದ್ದೆ. ಸೀರೆ ಮಂಡಿಯ ಮೇಲಿತ್ತು, ಎಳೆದುಕೊಳ್ಳೋದಕ್ಕೂ ಕೈಯಲ್ಲಿ ಬಲ ಇರಲಿಲ್ಲ.”

ಕಾಂತಾ ಹಾಸಿಗೆಯ ಹತ್ತಿರಕ್ಕೆ ಸರಿದಳು. “ನಮ್ಮ ಗಲ್ಲಿ ಹಲಗಿ ಮ್ಯಾಲ ನಾ ಇದನ್ನ ಬರೀಲೇನು?” ಎಂದಳು. “ನಿನ್ನ ಹೆಸರು ಬ್ಯಾಡಂದ್ರ ಬಿಡ್ತೀನಿ.”

“ಹೆಸರು ಹಾಕು. ಮುರಿದದ್ದು ಹೆಸರಿಲ್ಲದವಳ ಕಾಲಲ್ಲ.”

ರವಿವಾರ ಮುಂಜಾನೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: ‘ಅನುಸಯಾಳನ್ನು ಹಳ್ಳ ದಾಟಿಸಿದ್ದು ಜೀವ ಉಳಿಸಲು. ಮತ್ತೆ ಹಳ್ಳಕ್ಕಿಳಿಸಿದ್ದು ಫೋಟೋ ತೆಗೆಯಲು. ಶಾಲು ಹೊದಿಸುವವರೇ, ಸೇತುವೆ ಎಲ್ಲಿ?’

ಈ ಸಲ ಯಾರೂ ನಗಲಿಲ್ಲ. ಓದಿದವರು ಚಪ್ಪಲಿ ಸದ್ದಾಗದಂತೆ ಮುಂದೆ ಹೋದರು. ಗುರುಪಾದಪ್ಪನವರು ಹಸಿ ಅರಿವೆ ಹಿಡಿದೇ ಬಂದರು.

“ಅಳಸವ್ವಾ. ಗಣಪತಿ ಪೆಂಡಾಲಿಗೆ ರೊಕ್ಕ ಕೊಡೋರು ಆ ಮುಖಂಡ್ರ. ಮಂಡಳದ ಹಲಗಿ ಇದು.”

“ಸುಳ್ಳ ಬರದಿದ್ರ ಹೇಳ್ರಿ, ಈಗಿಂದೀಗ ಅಳಸ್ತೀನಿ.”

“ಖರೇ ಇರಬಹುದು. ಖರೇ ಇದ್ದದ್ದೆಲ್ಲಾ ಬರೀಬೇಕೇನು?”

“ಡಾಂಬರ ಸುದ್ದಿ ಬರದಾಗ ಹಿಂಗ ಕೇಳಿದ್ದಿಲ್ಲಲ್ರಿ!”

ಅವರೇ ಒರೆಸಿದರು. ಅವಳು ಅವರ ಎದುರಿಗೇ ಮತ್ತೆ ಬರೆದಳು. ಮಧ್ಯಾಹ್ನದ ಹೊತ್ತಿಗೆ ಹಲಗೆಯೇ ಇರಲಿಲ್ಲ; ಮಂಡಳದ ಕೋಣೆಗೆ ಒಯ್ದು ಕೀಲಿ ಹಾಕಿದ್ದರು. ಬಾಜೂ ಮನೆಯವರೆಲ್ಲ ಕಿಟಕಿಯಲ್ಲಿದ್ದರು. ಒಬ್ಬರೂ ಹೊರಗೆ ಬರಲಿಲ್ಲ. ಹಲಗೆ ಹೋದದ್ದಕ್ಕಿಂತ ಆ ಕಿಟಕಿಗಳೇ ಅವಳನ್ನು ಹೆಚ್ಚು ಉರಿಸಿದವು. ನಾಗಲಿಂಗ “ಬಿಡ ಇನ್ನ” ಅಂದದ್ದಕ್ಕೆ ಅವನ ತಾಟು ಬಡಿದಿಟ್ಟು ಎದ್ದು ಹೋದಳು.

ಹುಡುಗರಿಗೆ ಶಾಲು ಹೊದಿಸುವ ಸಮಾರಂಭ ಅಂದುಕೊಂಡಂತೆಯೇ ನಡೆಯಲಿತ್ತು. ಅದಕ್ಕೆ ಉಡಲೆಂದು ಹೊಸ ಸೀರೆ ಹಿಡಿದು ಗುರುಪಾದಪ್ಪನವರ ಹೆಂಡತಿ ಸಂಗವ್ವ ಹೊಸ್ತಿಲಲ್ಲಿ ಬಂದು ನಿಂತಳು.

“ಫಾಲ್ ಹಚ್ಚಬೇಕಿತ್ತವಾ.”

“ಬ್ಯಾರೆ ಕಡೆ ಹಚ್ಚಿಸ್ಕೋರಿ.”

ಸಂಗವ್ವ ಹೋಗಲಿಲ್ಲ. “ಅವರು ಒರಸೂ ಮೊದಲ ನಾ ಓದಿದ್ನಿ,” ಎಂದಳು ಮೆಲ್ಲಗೆ.

“ಓದಿದವ್ರು ಈ ಗಲ್ಲ್ಯಾಗ ಭಾಳ ಮಂದಿ ಅದಾರ್ರಿ. ಓದಿ ಬಾಯಿ ಹೊಲಕೊಂಡಾರ.”

ಸಂಗವ್ವ ತಲೆ ತಗ್ಗಿಸಿದಳು. ಸೀರೆಯ ಮಡಿಕೆ ಸವರುತ್ತ ಕೇಳಿದಳು:

“ಆಕಿ ಕಾಲ ಈಗ ಹೆಂಗೈತಿ?”

ಅನುಸಯಾಳ ಕಾಲಿನ ಬಗ್ಗೆ ಆ ಗಲ್ಲಿಯಲ್ಲಿ ಕೇಳಿದವಳು ಇವಳೊಬ್ಬಳೇ. ಕಾಂತಾ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಹೊಲಿಯುತ್ತಿದ್ದ ಕುಪ್ಪಸ ಬದಿಗಿಟ್ಟಳು.

“ಕಾಲಾಗ ರಾಡ್ ಹಾಕ್ಯಾರಂತ,” ಎಂದಳು. “ಕುಂದರ್ರಿ, ಹೇಳ್ತೀನಿ.”

ಸೀರೆಗೆ ಫಾಲ್ ಮಾತ್ರ ಹಚ್ಚಿಕೊಡಲಿಲ್ಲ.