ಗುಡ್ಡೆಗೆ ಹೋದದ್ದು

ನಮ್ಮ ಇವರಿಗೆ ಒಮಾನಿನಲ್ಲಿ ಸಮುದ್ರದ ಹೂಳೆತ್ತುವ ಕಂಪೆನಿಯಲ್ಲಿ ಕೆಲಸ. ಅಂಥವರ ಕೈಗೆ ಮಗಳ ಶಾಲೆಯ ಪ್ರಾಜೆಕ್ಟ್ ಸಿಕ್ಕರೆ ಮನೆ ಎಂತಾಗಬೇಕು ಮಾರಾಯ್ರೇ! ಟೀಚರ್ ಕೊಟ್ಟ ಪ್ರಶ್ನೆ ಇದು: ನೀನು ಬ್ರಿಟಿಷರ ಕಾಲದ ಎಂಜಿನಿಯರ್, ಬಂದರಿನ ಪಕ್ಕ ಸಮುದ್ರ ತುಂಬಿಸಿ ಹೊಸ ಜಾಗ ಮಾಡಬೇಕು, ಬಂದರಿನ ಹೂಳೆತ್ತಿ ತುಂಬಿಸುತ್ತೀಯೋ, ಗುಡ್ಡ ಕಡಿದು ತುಂಬಿಸುತ್ತೀಯೋ? ಮಾದರಿ ಮಾಡಿ, ಸ್ಟೇಜಿನ ಮೇಲೆ ನಿಂತು ವಿವರಿಸಬೇಕು.

ನನಗೆ ಚಿಂತೆ ಇದ್ದದ್ದು ಆ ಸ್ಟೇಜಿನದ್ದೇ. ಹೋದ ವರ್ಷ ಮಗಳು ಮೈಕಿನ ಮುಂದೆ ಬಾಯಿ ಕಟ್ಟಿ ನಿಂತು, ಒಂದಕ್ಷರ ಹೇಳದೆ ಇಳಿದು ಬಂದಿದ್ದಳು. ಆಮೇಲೆ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಈ ಸಲವೂ ಹಾಗೇ ಆದರೆ ಹುಡುಗಿ ನಾಲ್ಕು ಜನರ ಮುಂದೆ ಮಾತೇ ಬಿಟ್ಟಾಳು ಎಂದು ನನ್ನ ಹೆದರಿಕೆ.

ಇವರಿಗೆ ಅದೆಲ್ಲ ಎಲ್ಲಿ? ಹೂಳೇ ಸೈ ಎಂದರು. ಬಂದರೂ ಆಳವಾಗುತ್ತದೆ, ಜಾಗವೂ ಆಗುತ್ತದೆ. ಸುವೈಕಿನ ಕಡಲತೀರದ ಕಡೆ ಹೋದವರು ದೋಣಿ ನಿಲ್ಲುವಲ್ಲಿಂದ ಒಂದು ಬಕೆಟ್ ಕಪ್ಪು ಕೆಸರು ತಂದು, ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿಟ್ಟರು. ನಾನು ಊರಿಂದ ಹೊತ್ತು ತಂದ ದೊಡ್ಡ ಹರಿವಾಣದಲ್ಲೇ ಬಂದರು ಎದ್ದಿತು. ಕೆಸರಿನ ನೀರು ಆರಲಿಲ್ಲ, ಮೇಲಿಟ್ಟ ಆಟದ ಮನೆ ಸಂಜೆಯೊಳಗೆ ಕಿಟಕಿಯವರೆಗೆ ಹೂತಿತು. ಮೇಲಿನ ಫ್ಲ್ಯಾಟಿನವರು ಬಂದು, ಫ್ರಿಜ್ಜಿನಲ್ಲಿ ಮೀನು ಹಾಳಾಗಿದೆಯಾ ಎಂದು ಮರ್ಯಾದೆಯಿಂದ ಕೇಳಿ ಹೋದರು.

ನಾನು ಅಂದೇ ಗುಡ್ಡದ ಪಾರ್ಟಿ ಸೇರಿದೆ. ಕಲ್ಲುಮಣ್ಣು ಹಾಕಿದ ಕೂಡಲೇ ಗಟ್ಟಿ, ವಾಸನೆಯೂ ಇಲ್ಲ. ಗುಡ್ಡದಲ್ಲಿ ಮನೆ ಇದ್ದವರು ಎಲ್ಲಿಗೆ ಹೋಗಬೇಕು ಎಂದು ಇವರು. ಬಂದರಿನಲ್ಲಿ ಬಲೆ ಹಾಕುವವರು ಎಲ್ಲಿಗೆ ಹೋಗಬೇಕು ಎಂದು ನಾನು. ಮಗಳು ಇಬ್ಬರ ಮುಖವನ್ನೂ ನೋಡುತ್ತಾ ಕೂತಳು.

ಶುಕ್ರವಾರ ಬೆಳಿಗ್ಗೆ ಇವರು ಸೋತು, ಕಲ್ಲುಮಣ್ಣು ತರಲು ಕಾರಿನ ಕೀ ಹಿಡಿದು, "ಆಯ್ತು, ಖಲಾಸ್. ಎಲ್ಲರೂ ಗುಡ್ಡೆಗೆ ಹೋಗುವ" ಎಂದರು.

ವಿಸಿಟ್ ವೀಸಾದಲ್ಲಿ ಒಮಾನಿಗೆ ಬಂದಿದ್ದ ಅತ್ತೆ ಚಹಾದ ಲೋಟ ಕೆಳಗಿಟ್ಟರು. "ಯಾಕೆ ಮಗಾ? ಮನೆಯಲ್ಲೇ ಎರಡು ಪಾಯಿಖಾನೆ ಉಂಟಲ್ಲ?"

ನಮ್ಮ ಕಡೆ, ಮನೆಗಳಲ್ಲಿ ಪಾಯಿಖಾನೆ ಇಲ್ಲದ ಕಾಲದಲ್ಲಿ, ಚೊಂಬು ಹಿಡಿದು ಹೋಗುವುದಕ್ಕೆ ಗುಡ್ಡೆಗೆ ಹೋಗುವುದು ಎಂದೇ ಹೇಳುತ್ತಿದ್ದದ್ದು. ಮಗಳಿಗೆ ಅದು ಗೊತ್ತಿರಲಿಲ್ಲ. ಅಜ್ಜಿ ಅಭಿನಯ ಮಾಡಿಯೇ ತಿಳಿಸಿದರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ದಾರಿಯುದ್ದಕ್ಕೂ ಗುಡ್ಡೆ, ಗುಡ್ಡೆ ಎಂದು ನಕ್ಕಿದ್ದೇ ನಕ್ಕಿದ್ದು.

ಸ್ಟೇಜಿನ ದಿನ ತೀರ್ಪುಗಾರರು ಮೊದಲೇ ಕೇಳಿದರು, ಮಣ್ಣು ಎಲ್ಲಿಂದ ತರುತ್ತೀ ಎಂದು. ಮಗಳ ಬಾಯಿ ಕಟ್ಟಿತು. ತಡವರಿಸಿ ತಡವರಿಸಿ, ಬೇಕಾದ ಇಂಗ್ಲಿಷ್ ಶಬ್ದವೇ ಸಿಗದೆ, ಕೊನೆಗೆ ಹೊರಬಂದದ್ದು ಇದು: "ಸರ್, ಐ ವಿಲ್ ಗೋ ಟು ಗುಡ್ಡೆ."

ನಮ್ಮ ಕರಾವಳಿಯವರು ಕೂತಲ್ಲೆಲ್ಲ ನಗು ಸಿಡಿಯಿತು. ತೀರ್ಪುಗಾರರು ಉತ್ತರ ಭಾರತದವರು, ಪಾಪ, ಗಂಭೀರವಾಗಿ ತಲೆ ಆಡಿಸಿದರು. ಮಗಳ ಮುಖ ಕೆಂಪಾಯಿತು. ಇಳಿದು ಓಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುತ್ತಿದ್ದ ಅಜ್ಜಿ ಅವಳ ಕಣ್ಣಿಗೆ ಬಿದ್ದರು. ತಾನೂ ನಕ್ಕಳು. ನಕ್ಕ ಮೇಲೆ ಮಾತು ಬಂತು ನೋಡಿ! ಗುಡ್ಡದವರ ಮನೆ, ಬಂದರಿನವರ ಬಲೆ, ಹೂಳು ಒಣಗದ ತಾಪತ್ರಯ, ಅಪ್ಪ ಅಮ್ಮನ ಜಗಳವನ್ನೂ ಬಿಡಲಿಲ್ಲ. ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

ಬಹುಮಾನ ಬರಲಿಲ್ಲ. ಕಾರಿನಲ್ಲಿ ನಾನು ಖುಷಿಗೆ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು, ಹೋದರೆ ಹೋಗಲಿ, ಮುಂದಿನ ವರ್ಷ ಉಂಟಲ್ಲ ಎಂದು ಸಮಾಧಾನ ಮಾಡಿದರು.

ಅತ್ತೆ ಮೊಮ್ಮಗಳ ಬೆನ್ನು ಸವರಿದರು. "ಬಹುಮಾನ ಎಂತಕ್ಕೆ? ಹುಡುಗಿ ಗುಡ್ಡೆಗೆ ಹೋಗಿ ಹಗುರಾದಳು."